ಮೊದಲು ಯಾವುದಕ್ಕೆ ಕತ್ತರಿ?

ತಂಗಿ ಪೀಣ್ಯದ ಕಡೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ, ಗಂಡ ಆಟೊ ಓಡಿಸುತ್ತಾನೆ. ಬಾಡಿಗೆ ಮನೆ. ಅತ್ತೆ, ಇಬ್ಬರು ಮಕ್ಕಳು ಸೇರಿ ಐದು ಜನ. ಅಕ್ಕ ಶಿರಾ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ದಸರಾ ರಜೆಗೆಂದು ತಂಗಿಯ ಮನೆಗೆ ಬಂದಿದ್ದಾಳೆ. ಮಾತು ನಡೆದದ್ದು ಭಾನುವಾರ ಬೆಳಿಗ್ಗೆ, ದಂಟಿನ ಸೊಪ್ಪು ಬಿಡಿಸುತ್ತ.

ತಂಗಿ: ಇಪ್ಪತ್ತನೇ ತಾರೀಕಿನ ತನಕ ಹೇಗೋ ನಡೆಯುತ್ತೆ ಅಕ್ಕ. ಆಮೇಲೆ ಅಂಗಡಿಯಲ್ಲಿ ಬರೆಸೋದೇ. ಅಕ್ಕಿಗೇನೂ ತೊಂದರೆ ಇಲ್ಲ, ರೇಷನ್‌ನಲ್ಲಿ ಬರುತ್ತೆ. ಅನ್ನಕ್ಕೆ ಹಾಕ್ಕೊಳ್ಳೋಕೆ ಏನಾದರೂ ಬೇಕಲ್ಲ, ಅದಕ್ಕೇ ಪರದಾಟ. ಈಗ ರಜೆ ಬೇರೆ. ಶಾಲೆ ಇದ್ದರೆ ಮಕ್ಕಳದ್ದು ಮಧ್ಯಾಹ್ನದ ಊಟ ಅಲ್ಲೇ ಮುಗಿಯುತ್ತಿತ್ತು.

ಅಕ್ಕ: ದುಡ್ಡು ಸಾಲದೆ ಬಂದಾಗ ಮೊದಲು ಯಾವುದಕ್ಕೆ ಕತ್ತರಿ ಹಾಕ್ತೀಯ? ಅದನ್ನ ಹೇಳು.

ತಂಗಿ: ಮೊದಲು ಮೊಟ್ಟೆ ನಿಲ್ಲಿಸ್ತೀನಿ. ಆಮೇಲೆ ತೊಗರಿಬೇಳೆ. ಕಿಲೋ ತರುತ್ತಿದ್ದವಳು ಕಾಲು ಕಿಲೋ ತರ್ತೀನಿ, ಅದನ್ನೇ ವಾರ ಎಳೆಯೋದು. ತರಕಾರಿ ಅಂದರೆ ಈರುಳ್ಳಿ, ಟೊಮೆಟೊ, ಆಲೂಗಡ್ಡೆ. ಕೊನೆಕೊನೆಗೆ ತಿಳಿಸಾರು, ಅನ್ನ, ಹಪ್ಪಳ.

ಅಕ್ಕ: ಬಿಸ್ಕತ್ತು?

ತಂಗಿ: ಅದು ಮಕ್ಕಳಿಗೆ ಅಂತ ಇರುತ್ತೆ.

ಅಕ್ಕ: ಹಾಲಿಗೆ ಹಾಕೋ ಆ ಡಬ್ಬದ ಪುಡಿ?

ತಂಗಿ: ಅದೂ ಇರುತ್ತೆ. ಚಿಕ್ಕವನು ಅದಿಲ್ಲದೆ ಹಾಲು ಮುಟ್ಟಲ್ಲ.

ಅಕ್ಕ: ನಿನಗೆ ಬೇಜಾರಾಗಬಾರದು, ಹೇಳ್ತೀನಿ. ಮೈಗೆ ಹಿಡಿಯೋದನ್ನೆಲ್ಲ ಮೊದಲು ನಿಲ್ಲಿಸಿ, ನಾಲಿಗೆಗೆ ಬೇಕಾದ್ದನ್ನ ಕೊನೆಯವರೆಗೂ ಉಳಿಸಿಕೊಂಡಿದ್ದೀಯ. ನೀನೊಬ್ಬಳೇ ಅಲ್ಲ, ನಮ್ಮೂರಲ್ಲೂ ಹೀಗೇ. ಹಿಂದೆ ಅಕ್ಕಿ ಇಲ್ಲ ಅನ್ನೋದೇ ದೊಡ್ಡ ಚಿಂತೆಯಾಗಿತ್ತು. 2013ರಲ್ಲಿ ಅನ್ನಭಾಗ್ಯ ಬಂತು, ಹಸಿವು ತಗ್ಗಿತು. ಆ ಯೋಜನೆಯ ಬಗ್ಗೆ ಯಾರು ಹಗುರವಾಗಿ ಮಾತಾಡಿದರೂ ನನಗೆ ಸಿಟ್ಟು ಬರುತ್ತೆ. ಹೊಟ್ಟೆ ತುಂಬ ಉಂಡು ಮಲಗೋದು ಏನು ಅಂತ ನಮಗೆ ಗೊತ್ತು. ಆದರೆ ಹೊಟ್ಟೆ ತುಂಬಿದ ಮೇಲೆ ತಟ್ಟೆಯಲ್ಲಿ ಬೇರೆ ಏನಿದೆ ಅಂತ ನೋಡೋದನ್ನ ನಾವು ಬಿಟ್ಟುಬಿಟ್ಟೆವು.

ತಂಗಿ: ಬೇಳೆ ರೇಟು ನೋಡಿದ್ದೀಯಾ?

ಅಕ್ಕ: ನೋಡದೆ ಏನು. ಆದರೆ ಕಾಳು ಅಂದರೆ ತೊಗರಿಬೇಳೆ ಒಂದೇ ಅಂತ ನಿನಗೆ ಯಾರು ಹೇಳಿದ್ದು? ನಮ್ಮ ಬಿಸಿಯೂಟದ ಅಳತೆ ಹೇಳ್ತೀನಿ, ಕೇಳು. ಐದನೇ ಕ್ಲಾಸಿನ ತನಕದ ಒಂದು ಮಗುವಿಗೆ ಒಂದು ಹೊತ್ತಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಆರರಿಂದ ಎಂಟನೇ ಕ್ಲಾಸಿನವರಿಗೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ತಕ್ಕಡಿ ಹಿಡಿದೇ ಕೊಡ್ತಾರೆ, ನಾನು ತೂಗಿಯೇ ಹಾಕ್ತೀನಿ. ಈಗ ನಿಮ್ಮ ಮನೆ ಲೆಕ್ಕ ಮಾಡು. ಐದು ಜನಕ್ಕೆ ತಲಾ 25 ಗ್ರಾಂ ಅಂದರೂ ಹೊತ್ತಿಗೆ 125 ಗ್ರಾಂ. ಎರಡು ಹೊತ್ತಿಗೆ ಕಾಲು ಕಿಲೋ.

ತಂಗಿ: ದಿನಕ್ಕೆ ಕಾಲು ಕಿಲೋನಾ? ನಾನು ಕಾಲು ಕಿಲೋ ವಾರಕ್ಕೆ ಇಟ್ಟುಕೊಂಡಿದ್ದೀನಲ್ಲ!

ಅಕ್ಕ: ಅದೇ ನಾನು ಹೇಳ್ತಿರೋದು. ನಿಮ್ಮ ಮನೆಯಲ್ಲಿ ಆಗ್ತಿರೋದು ಬೇಳೆಸಾರಲ್ಲ, ಬೇಳೆ ತೋರಿಸಿದ ನೀರು. ದಿನಾ ಕಾಲು ಕಿಲೋ ತೊಗರಿಬೇಳೆ ಹಾಕು ಅಂದರೆ ನಿನ್ನ ಕೈಲಾಗಲ್ಲ, ನನ್ನ ಕೈಲೂ ಆಗಲ್ಲ. ಹುರುಳಿ ತಗೋ, ಅಲಸಂದೆ ತಗೋ, ಹೆಸರುಕಾಳು, ಕಡಲೆಕಾಳು ತಗೋ. ತೊಗರಿಬೇಳೆಯ 100 ಗ್ರಾಂನಲ್ಲಿ ಎಷ್ಟು ಪ್ರೋಟೀನ್ ಇದೆಯೋ ಹುರುಳಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇದೆ, 22 ಗ್ರಾಂ ಹತ್ತಿರ. ಅಂಗಡಿಯಲ್ಲಿ ಎರಡರ ಬೆಲೆಯನ್ನೂ ಒಂದು ಸಲ ಕೇಳು, ನಿನಗೇ ಗೊತ್ತಾಗುತ್ತೆ.

ತಂಗಿ: ಹುರುಳಿ ಅಂದರೆ ನಮ್ಮತ್ತೆ ಮೂಗು ಮುರಿಯಲ್ಲ. ಅಕ್ಕಪಕ್ಕದವರು ಮಾತ್ರ ಎತ್ತಿಗೆ ಹಾಕೋದು ಅಂತಾರೆ.

ಅಕ್ಕ: ಎತ್ತಿಗೆ ಯಾಕೆ ಹಾಕ್ತಿದ್ದರು? ದಿನವಿಡೀ ನೊಗ ಎಳೆಯೋಕೆ ಕಸುವು ಬೇಕು ಅಂತ. ನೀನು ದಿನವಿಡೀ ಮಿಷನ್ ಮುಂದೆ ಕೂತಿರ್ತೀಯ, ನಿನಗೆ ಬೇಡವಾ?

ತಂಗಿ: ಸರಿ, ಒಪ್ಪಿದೆ. ಆದರೆ ನನ್ನ ಕಷ್ಟ ಬೇರೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಏಳಾಗುತ್ತೆ. ಕಾಳು ನೆನೆಹಾಕಬೇಕು, ಸೊಪ್ಪು ಬಿಡಿಸಬೇಕು, ತೊಳೀಬೇಕು, ಖಾರ ರುಬ್ಬಬೇಕು. ಕಡಿಮೆ ಖರ್ಚಿನ ಅಡುಗೆ ಅಂತ ಟಿ.ವಿ.ಯಲ್ಲಿ ಹೇಳೋರೆಲ್ಲ ದಿನಪೂರ್ತಿ ಅಡುಗೆಮನೆಯಲ್ಲಿ ಇರೋರ ಥರ ಹೇಳ್ತಾರೆ. ದುಡ್ಡು ಉಳಿಸೋಕೆ ಹೊತ್ತು ಬೇಕು. ನನ್ನ ಹತ್ತಿರ ಎರಡೂ ಇಲ್ಲ.

ಅಕ್ಕ: ನಿಜವಾದ ಮಾತು. ಸೊಪ್ಪು ಅಗ್ಗ, ಆದರೆ ಬಿಡಿಸೋಕೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಯಾರೂ ಬೆಲೆ ಕಟ್ಟಲ್ಲ. ಅದಕ್ಕೇ ಆ ಕೆಲಸ ನಿನ್ನೊಬ್ಬಳದ್ದಾಗಬಾರದು ಅಂತೀನಿ. ನಿಮ್ಮತ್ತೆ ಟಿ.ವಿ. ಮುಂದೆ ಕೂತು ಸೊಪ್ಪು ಬಿಡಿಸಬಹುದು. ದೊಡ್ಡವಳು ಬೆಳ್ಳುಳ್ಳಿ ಸುಲೀಲಿ. ನಿನ್ನ ಗಂಡನಿಗೆ ಮಧ್ಯಾಹ್ನ ಬಾಡಿಗೆ ಕಡಿಮೆ ಇರೋ ಹೊತ್ತಿನಲ್ಲಿ ಕಾಳು ತೊಳೆದು ನೆನೆಹಾಕು ಅಂತ ಹೇಳು, ಅದಕ್ಕೇನೂ ವಿದ್ಯೆ ಬೇಕಿಲ್ಲ. ನಮ್ಮ ಶಾಲೆಯಲ್ಲಿ ಗಂಡುಹುಡುಗರೂ ತಟ್ಟೆ ತೊಳೀತಾರೆ, ತರಕಾರಿ ತೊಳೆದುಕೊಡ್ತಾರೆ, ಯಾರ ಮರ್ಯಾದೆಯೂ ಹೋಗಿಲ್ಲ.

ತಂಗಿ: ಹೇಳಿ ನೋಡ್ತೀನಿ.

ಅಕ್ಕ: ಹೇಳಿ ನೋಡೋದಲ್ಲ, ಮಾಡಿಸು. ಇವತ್ತಿಂದಲೇ. ಬಾ, ಬಸ್ಸಾರು ಮಾಡೋಣ. ಅದನ್ನ ನಾನು ಸುಮ್ಮನೆ ಹೇಳ್ತಿಲ್ಲ. ಒಂದು ಪಾತ್ರೆಯಲ್ಲಿ ಎರಡು ಅಡುಗೆ ಆಗೋದು ಅದೊಂದರಲ್ಲೇ. ಅಲಸಂದೆ ರಾತ್ರಿ ನೆನೆದಿದೆ ತಾನೆ? ಕುಕ್ಕರಿಗೆ ಹಾಕಿ ಎರಡು ಕೂಗು ಕೂಗಿಸು, ಕರಗಬಾರದು. ಆಮೇಲೆ ಮುಚ್ಚಳ ತೆಗೆದು, ಈ ಸೊಪ್ಪು ದಂಟು ಎಲ್ಲ ಹೆಚ್ಚಿ ಹಾಕಿ, ಉಪ್ಪು ಹಾಕಿ ಐದು ನಿಮಿಷ ಬೇಯಿಸು. ಈಗ ಕಟ್ಟು ಬಸಿ. ಆ ನೀರು ಚೆಲ್ಲೋದಲ್ಲ, ಅದೇ ಸಾರಿನ ಜೀವ.

ತಂಗಿ: ಅಷ್ಟು ಗೊತ್ತು ಬಿಡು. ಖಾರಕ್ಕೆ ಕಾಯಿ ಬೇಕಲ್ಲ, ಈಗ ಒಂದು ತೆಂಗಿನಕಾಯಿ ಬೆಲೆ ಕೇಳಿದರೆ ತಲೆ ತಿರುಗುತ್ತೆ.

ಅಕ್ಕ: ಕಾಯಿ ಒಂದು ಚಮಚ ಹಾಕು, ಇಲ್ಲದಿದ್ದರೆ ಬಿಡು. ಬೆಂದ ಕಾಳು ಸೊಪ್ಪಿನಲ್ಲಿ ಒಂದು ಸೌಟು ತೆಗೆದು ಖಾರದ ಜೊತೆ ರುಬ್ಬು. ಸಾರು ಗಟ್ಟಿಯಾಗೋದು ಅದರಿಂದ. ಒಂದು ಹಿಡಿ ಹುರಿಗಡಲೆ ಹಾಕಿದರೂ ಆಗುತ್ತೆ. ಈರುಳ್ಳಿ, ಬೆಳ್ಳುಳ್ಳಿಯನ್ನ ಉರಿ ಮೇಲೆ ಸುಡು, ಎಣ್ಣೆಯಲ್ಲಿ ಹುರಿಯೋದಕ್ಕಿಂತ ಘಮ ಜಾಸ್ತಿ, ಎಣ್ಣೆಯೂ ಉಳೀತು. ಜೀರಿಗೆ, ನಾಲ್ಕು ಕಾಳುಮೆಣಸು, ಧನಿಯ, ಒಣಮೆಣಸಿನಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು. ರುಬ್ಬಿದ್ದನ್ನ ಕಟ್ಟಿಗೆ ಕಲಸಿ ಒಂದು ಕುದಿ ಕುದಿಸು. ಉಳಿದ ಕಾಳು ಸೊಪ್ಪಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ. ಸಾರೂ ಆಯಿತು, ಪಲ್ಯವೂ ಆಯಿತು. ಈ ಸಾರು ಮಾರನೇ ದಿನ ಇನ್ನೂ ರುಚಿ, ನಿನಗೆ ನಾಳೆ ರಾತ್ರಿ ಅಡುಗೆ ಅರ್ಧ ಮುಗಿದ ಹಾಗೆ. ದಿನಾ ಕುದಿಸಿ ಇಡಬೇಕು, ಅಷ್ಟೇ.

ತಂಗಿ: ಟೊಮೆಟೊ ಹಾಕಲೇ ಇಲ್ಲ ನೀನು.

ಅಕ್ಕ: ಬಸ್ಸಾರಿಗೆ, ಉಪ್ಸಾರಿಗೆ, ಹುರುಳಿ ಸಾರಿಗೆ ಟೊಮೆಟೊ ಯಾಕೆ? 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿತ್ತು, ನೆನಪಿದೆಯಾ? ಬೆಂಗಳೂರಲ್ಲಿ ಎಲ್ಲರೂ ಬೊಬ್ಬೆ ಹೊಡೆದರು. ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ, ಹುಣಸೆಹಣ್ಣು ಇತ್ತು. ಒಂದೇ ತರಕಾರಿಗೆ ಅಂಟಿಕೊಂಡರೆ ಅದರ ಬೆಲೆ ಏರಿದಾಗ ಅಡುಗೆಮನೆ ಅಲ್ಲಾಡುತ್ತೆ. ಯಾವುದು ರಾಶಿ ಬಿದ್ದಿದೆಯೋ ಅದನ್ನ ತಗೋ. ಮಾರ್ಗಶಿರ ಬಂತು ಅಂದರೆ ಅವರೆಕಾಯಿ. ಬೇರೆ ದಿನ ಸೋರೆಕಾಯಿ, ಸೀಮೆಬದನೆ, ಗೋರಿಕಾಯಿ, ಕುಂಬಳಕಾಯಿ. ಸಂಜೆ ಮಾರ್ಕೆಟ್ ಎತ್ತೋ ಹೊತ್ತಿಗೆ ಹೋದರೆ ಗುಡ್ಡೆ ಲೆಕ್ಕದಲ್ಲಿ ಕೊಡ್ತಾರೆ. ಮೂಲಂಗಿ ತಗೊಂಡರೆ ಸೊಪ್ಪು ಕಿತ್ತು ಅಲ್ಲೇ ಬಿಸಾಕಿ ಬರಬೇಡ, ಪಲ್ಯಕ್ಕೆ ಆಗುತ್ತೆ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ನಿಮ್ಮ ಬೀದಿ ಕೊನೆಯಲ್ಲಿ ನುಗ್ಗೆಮರ ಇದೆಯಲ್ಲ, ಆ ಮನೆಯವರನ್ನ ಒಂದು ಮಾತು ಕೇಳು. ಸೊಪ್ಪು ಉದುರಿ ಕಸಕ್ಕೆ ಹೋಗುತ್ತೆ, ಕೊಡಲ್ಲ ಅನ್ನಲ್ಲ.

ತಂಗಿ: ಮಕ್ಕಳು ಇದನ್ನೆಲ್ಲ ತಿನ್ನಬೇಕಲ್ಲ. ಮುದ್ದೆ ಅಂದರೆ ಓಡಿಹೋಗ್ತಾರೆ.

ಅಕ್ಕ: ಮುದ್ದೆ ನುಂಗೋದು ಕಲಿಯೋಕೆ ಸಮಯ ಬೇಕು, ಬಲವಂತ ಮಾಡಬೇಡ. ರಾಗಿರೊಟ್ಟಿ ಮಾಡು, ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ. ದೋಸೆಹಿಟ್ಟಿಗೆ ಅರ್ಧ ರಾಗಿಹಿಟ್ಟು ಕಲಸು. ರೇಷನ್ ಅಕ್ಕಿ ಅನ್ನಕ್ಕೆ ದಪ್ಪ ಅಂತ ಗೊಣಗ್ತಾರೆ, ಇಡ್ಲಿ ದೋಸೆಗೆ ಅದೇ ಚೆನ್ನಾಗಿ ಆಗುತ್ತೆ. ಇನ್ನು ಆ ಡಬ್ಬದ ಪುಡಿ. ಅದರ ಹಿಂದೆ ಏನೇನಿದೆ ಅಂತ ಬರೆದಿರ್ತಾರೆ, ಮಗಳ ಕೈಲಿ ಓದಿಸು. ಸಕ್ಕರೆ ಎಷ್ಟನೇ ಸಾಲಲ್ಲಿ ಇದೆ ನೋಡು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಮಿಲ್ಲಿಗೆ ಹಾಕಿಸಿದರೆ ಅದಕ್ಕಿಂತ ಒಳ್ಳೆ ಪುಡಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ.

ತಂಗಿ: ಬಿಸ್ಕತ್ತು, ಚಿಪ್ಸ್ ಹತ್ತು ರೂಪಾಯಿದು ಅಕ್ಕ. ಅದರಲ್ಲಿ ಏನು ಉಳಿಯುತ್ತೆ?

ಅಕ್ಕ: ಹತ್ತು ರೂಪಾಯಿ ಅನ್ನೋದೇ ಮೋಸ. ಪ್ಯಾಕೆಟ್ ತಿರುಗಿಸಿ ಗ್ರಾಂ ನೋಡು. ಇಪ್ಪತ್ತೈದು ಗ್ರಾಂ ಇದ್ದರೆ ಕಿಲೋಗೆ ನಾನೂರು ರೂಪಾಯಿ ಬಿತ್ತು. ಆ ದುಡ್ಡಿಗೆ ಎರಡು ಕಿಲೋ ಕಡಲೆಬೀಜ ಬರುತ್ತೆ. ಇಬ್ಬರು ಮಕ್ಕಳಿಗೆ ದಿನಾ ಒಂದೊಂದು ಪ್ಯಾಕೆಟ್ ಅಂದರೆ ತಿಂಗಳಿಗೆ ಆರುನೂರು. ನೀನು ಮೊಟ್ಟೆ ನಿಲ್ಲಿಸಿ ಉಳಿಸ್ತಿರೋದು ಅಷ್ಟಿದೆಯಾ?

ತಂಗಿ: ಆರುನೂರಾ... ಇಲ್ಲ, ಅಷ್ಟಿಲ್ಲ.

ಅಕ್ಕ: ಹಾಗಂತ ಮಕ್ಕಳ ಕೈಯಿಂದ ಎಲ್ಲ ಕಿತ್ಕೋ ಅನ್ನಲ್ಲ. ಶನಿವಾರ ಒಂದು ಕೊಡಿಸು. ಪಕ್ಕದ ಮನೆ ಮಗು ತಿನ್ನೋದನ್ನ ನಮ್ಮ ಮಗು ನೋಡ್ತಾ ನಿಲ್ಲೋದು ಯಾವ ತಾಯಿಗೂ ಸಹಿಸೋಕಾಗಲ್ಲ, ನನಗೆ ಗೊತ್ತು. ಮಿಕ್ಕ ದಿನ ಹುರಿದ ಕಡಲೆಬೀಜ, ಬೆಲ್ಲ. ಬೇಯಿಸಿದ ಕಡಲೆಕಾಳು. ಬಾಳೆಹಣ್ಣು.

ತಂಗಿ: ಗಂಡನಿಗೆ ಭಾನುವಾರ ಕೋಳಿ ಬೇಕೇ ಬೇಕು.

ಅಕ್ಕ: ಮಾಡು. ದುಡಿಯೋ ಜನ ವಾರಕ್ಕೊಂದು ದಿನ ಬಾಡೂಟ ಉಣ್ಣಬಾರದು ಅಂದರೆ ಹೇಗೆ? ಅರ್ಧ ಕಿಲೋ ಕೋಳಿಗೆ ಮೊಳಕೆ ಹುರುಳಿನೋ ಅವರೆಕಾಳೋ ಸೇರಿಸು, ಎಲ್ಲರಿಗೂ ಸಾಲುತ್ತೆ. ಕೋಳಿ ಅಂಗಡಿಯಲ್ಲಿ ಲಿವರ್ ಬೇರೆ ಮಾರ್ತಾರೆ, ಮಾಂಸಕ್ಕಿಂತ ಅಗ್ಗ, ರಕ್ತ ಕಡಿಮೆ ಇರೋರಿಗೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಮೊಟ್ಟೆಯನ್ನ ಒಂದೊಂದೇ ತರಬೇಡ, ಪಕ್ಕದ ಮನೆಯವಳ ಜೊತೆ ಸೇರಿ ಮೂವತ್ತರ ಟ್ರೇ ತಗೊಂಡು ಹಂಚಿಕೋ.

ತಂಗಿ: ಅಂಗಡಿಯಲ್ಲಿ ಬರೆಸೋದಕ್ಕೇ ದುಡ್ಡು ಜಾಸ್ತಿ ಹೋಗುತ್ತೆ ಅನ್ನಿಸುತ್ತೆ. ಸಾಲ ಅಂದ ಮೇಲೆ ರೇಟು ಕೇಳೋ ಹಾಗಿಲ್ಲ. ಕಾಲು ಕಿಲೋ, ನೂರು ಗ್ರಾಂ ಅಂತ ಬಿಡಿಬಿಡಿಯಾಗಿ ತರೋದು ಬೇರೆ.

ಅಕ್ಕ: ಬಡವರೇ ಯಾವಾಗಲೂ ಜಾಸ್ತಿ ಬೆಲೆ ಕೊಡೋದು, ಇಡೀ ಮೂಟೆ ಕೊಳ್ಳೋಕೆ ಕೈಲಿ ದುಡ್ಡಿರಲ್ಲವಲ್ಲ. ಅದಕ್ಕೆ ದಾರಿ ಅಂದರೆ ನಾಲ್ಕು ಜನ ಸೇರೋದು. ನಿಮ್ಮ ಲೈನಿನಲ್ಲಿ ಹೆಂಗಸರೆಲ್ಲ ಚೀಟಿ ಹಾಕ್ತೀರಲ್ಲ, ಹಾಗೇ ಕಾಳಿಗೂ ರಾಗಿಗೂ ಒಂದು ಚೀಟಿ ಮಾಡಿಕೊಳ್ಳಿ. ಸುಗ್ಗಿ ಮುಗಿದ ಮೇಲೆ ನಮ್ಮೂರಿಂದ ರಾಗಿ ಕಳಿಸ್ತೀನಿ. ನಿಮ್ಮ ಭಾವ ಬೆಂಬಲ ಬೆಲೆ ಕೇಂದ್ರಕ್ಕೆ ಹಾಕೋದು, 2025-26ಕ್ಕೆ ಕ್ವಿಂಟಾಲಿಗೆ 4,886 ರೂಪಾಯಿ ಮಾಡಿದ್ದಾರೆ. ಅಂದರೆ ಕಿಲೋಗೆ ಐವತ್ತು ರೂಪಾಯಿಗೂ ಒಳಗೆ. ನೀನು ಪ್ಯಾಕೆಟ್‌ನಲ್ಲಿ ರಾಗಿಹಿಟ್ಟು ಎಷ್ಟಕ್ಕೆ ತರ್ತೀಯ? ಬಸ್ಸಿಗೆ ಹಾಕೋ ಲಗೇಜು, ಮಿಲ್ಲಿನ ಕೂಲಿ ಸೇರಿಸಿದರೂ ನಿನಗೆ ಲಾಭ. ರಾಗಿಗೆ ಹುಳ ಹತ್ತಲ್ಲ, ವರ್ಷ ಇಟ್ಟರೂ ಕೆಡಲ್ಲ. ಹಿಟ್ಟು ಮಾತ್ರ ಹದಿನೈದು ದಿನಕ್ಕಾಗುವಷ್ಟು ಮಾಡಿಸು.

ತಂಗಿ: ಗ್ಯಾಸು, ಎಣ್ಣೆ?

ಅಕ್ಕ: ಎಣ್ಣೆಗೆ ಒಂದೇ ಉಪಾಯ, ತಿಂಗಳದ್ದು ಒಂದು ಬಾಟಲಿಗೆ ಹುಯ್ದಿಟ್ಟು ವಾರಕ್ಕೊಂದು ಗೆರೆ ಎಳೆ. ಕರಿಯೋದು ಹಬ್ಬಕ್ಕೆ. ಗ್ಯಾಸಿಗೆ ನೆನೆಹಾಕಿದ ಕಾಳೇ ಅರ್ಧ ಉಳಿತಾಯ, ಕುಕ್ಕರಿನಲ್ಲಿ ಕೆಳಗೆ ಕಾಳು ಮೇಲೆ ಅಕ್ಕಿ ಇಡು. ಅದು ಬಿಡು, ನಿನಗೆಲ್ಲ ಗೊತ್ತಿರೋದೇ. ನಾನು ಎರಡು ದಿನದಿಂದ ನೋಡ್ತಿರೋದು ಬೇರೆ ಒಂದು.

ತಂಗಿ: ಏನು?

ಅಕ್ಕ: ನಿನ್ನೆ ರಾತ್ರಿ ಎಲ್ಲರಿಗೂ ಬಡಿಸಿದೆ. ಅತ್ತೆಗೆ, ಗಂಡನಿಗೆ, ಮಕ್ಕಳಿಗೆ, ನನಗೆ. ಪಲ್ಯ ಮುಗೀತು. ನೀನು ಕೊನೆಗೆ ಕೂತೆ. ಅನ್ನ, ಪಾತ್ರೆ ತಳದ ಸಾರು, ಉಪ್ಪಿನಕಾಯಿ. ಊಟ ಮುಗಿದ ತಕ್ಷಣ ಒಂದು ಲೋಟ ಟೀ ಕುಡಿದೆ. ಮೊನ್ನೆಯೂ ಅಷ್ಟೇ.

ತಂಗಿ: ನನಗೆ ಅಭ್ಯಾಸ ಆಗಿದೆ ಅಕ್ಕ. ಮಕ್ಕಳು ಇನ್ನಷ್ಟು ಹಾಕು ಅಂದಾಗ ಇಲ್ಲ ಅನ್ನೋದು ಹೇಗೆ?

ಅಕ್ಕ: ಹೋದ ವರ್ಷ ಕೆಲಸದ ಮಧ್ಯೆ ತಲೆ ಸುತ್ತಿ ಬಿದ್ದೆ ಅಂತ ಫೋನ್ ಮಾಡಿದ್ದೆಯಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಷ್ಟಿತ್ತು?

ತಂಗಿ: ಎಂಟೂವರೆ ಅಂದರು. ಮಾತ್ರೆ ಕೊಟ್ಟರು. ಸ್ವಲ್ಪ ದಿನ ತಗೊಂಡೆ.

ಅಕ್ಕ: ಹನ್ನೆರಡು ಇರಬೇಕು ಕಣೇ. ಸರ್ಕಾರದವರೇ 2019ರಿಂದ 21ರವರೆಗೆ ಮನೆಮನೆಗೆ ಹೋಗಿ ಮಾಡಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ರಾಜ್ಯದ ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ ಅಂತ ಬಂತು. ಅದಕ್ಕೆ ಕಾರಣ ಹತ್ತಾರು ಇರಬಹುದು. ಆದರೆ ನಮ್ಮ ಮನೆಗಳಲ್ಲಿ ನಡೆಯೋ ಈ ಒಂದು ಕಾರಣ ನನ್ನ ಕಣ್ಣಿಗೆ ದಿನಾ ಬೀಳುತ್ತೆ. ಎಲ್ಲರೂ ಉಂಡ ಮೇಲೆ ಉಳಿದದ್ದು ನಿನ್ನ ಪಾಲು ಅಂತ ಯಾರೂ ಬರೆದಿಟ್ಟಿಲ್ಲ. ನೀನು ತಟ್ಟೆಯಲ್ಲಿ ಉಳಿಸಿದ್ದನ್ನ ಉಳಿತಾಯ ಅಂದುಕೊಂಡಿದ್ದೀಯ. ಅದು ಆಸ್ಪತ್ರೆಯಲ್ಲಿ ಖರ್ಚಾಗುತ್ತೆ, ಕೆಲಸ ತಪ್ಪಿದ ದಿನದ ಕೂಲಿಯಲ್ಲಿ ಖರ್ಚಾಗುತ್ತೆ.

ತಂಗಿ: ಅದನ್ನ ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅಕ್ಕ: ಹಿಡಿ. ಬಡಿಸೋಕೆ ಮುಂಚೆ ಐದು ತಟ್ಟೆ ಇಟ್ಟುಕೋ, ಐದಕ್ಕೂ ಪಲ್ಯ ಹಾಕು. ಆಮೇಲೆ ಊಟಕ್ಕೆ ಕರಿ. ಕಡಿಮೆ ಬಿದ್ದರೆ ಎಲ್ಲರಿಗೂ ಒಂದೊಂದು ತುತ್ತು ಕಡಿಮೆಯಾಗಲಿ. ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿಕೋ, ಸೊಪ್ಪಿನ ಕಬ್ಬಿಣದ ಅಂಶ ಮೈಗೆ ಹತ್ತುತ್ತೆ. ಟೀ ಬೇಕಾದರೆ ಊಟ ಆಗಿ ಒಂದು ಗಂಟೆ ಕಳೆದ ಮೇಲೆ ಕುಡಿ, ಊಟದ ಜೊತೆ ಕುಡಿದರೆ ಆ ಕಬ್ಬಿಣ ಮೈಗೆ ಹತ್ತೋದಕ್ಕೆ ಬಿಡಲ್ಲ. ಮಾತ್ರೆ ಪೂರ್ತಿ ತಗೋ.

ತಂಗಿ: ಇಷ್ಟೆಲ್ಲ ಮಾಡಿದರೆ ತಿಂಗಳು ದಾಟುತ್ತೆ ಅಂತೀಯಾ?

ಅಕ್ಕ: ಸುಳ್ಳು ಹೇಳಲ್ಲ. ಕಷ್ಟಪಟ್ಟು ದಾಟುತ್ತೆ. ಬಾಡಿಗೆ ಏರಿದರೆ, ಆಟೊ ಕೆಟ್ಟು ನಿಂತರೆ, ಅತ್ತೆಗೆ ಆಸ್ಪತ್ರೆ ಆದರೆ, ಯಾವ ಬಸ್ಸಾರೂ ಕಾಪಾಡಲ್ಲ. ದಿನಪೂರ್ತಿ ಮಿಷನ್ ತುಳಿಯೋಳಿಗೆ ಐದು ಜನ ಮೂರು ಹೊತ್ತು ಸರಿಯಾಗಿ ಉಣ್ಣುವಷ್ಟು ಸಂಬಳ ಬರಬೇಕು. ನನಗೂ ಬರಬೇಕು, ನೂರಾರು ಮಕ್ಕಳಿಗೆ ಬೇಯಿಸಿ ಹಾಕೋ ನಮಗೆ ಕೊಡೋದು ಸಂಬಳ ಅಂತಲೂ ಅಲ್ಲ, ಗೌರವಧನ. ಬಡವರಿಗೆ ಅಡುಗೆ ಮಾಡೋಕೆ ಬರಲ್ಲ, ಅದಕ್ಕೇ ಅಪೌಷ್ಟಿಕತೆ ಅಂತ ಯಾರಾದರೂ ಭಾಷಣ ಮಾಡಿದರೆ ನಂಬಬೇಡ. ಸಂಘದವರು ಸಂಬಳದ ವಿಷಯಕ್ಕೆ ಕರೆದರೆ ಹೋಗು. ನಾನೂ ನಮ್ಮ ಬಿಸಿಯೂಟದವರ ಹೋರಾಟಕ್ಕೆ ಹೋಗ್ತೀನಿ.

ತಂಗಿ: ಅಲ್ಲಿಯವರೆಗೆ?

ಅಕ್ಕ: ಅಲ್ಲಿಯವರೆಗೆ ಸಂಬಳ ಬಂದ ದಿನವೇ ತಿಂಗಳ ಕಾಳು, ಮೊಟ್ಟೆಯ ದುಡ್ಡು ಎತ್ತಿಡು. ಎಲ್ಲ ಕೊಟ್ಟು ಮಿಕ್ಕಿದ್ದರಲ್ಲಿ ಕಾಳು ತರೋಣ ಅಂದರೆ ಯಾವತ್ತೂ ಮಿಗಲ್ಲ. ಬಿಸ್ಕತ್ತು, ಪುಡಿ, ಹಪ್ಪಳ ಎಲ್ಲ ಅದಾದ ಮೇಲೆ. ಹುರುಳಿ ಎರಡು ಕಿಲೋ, ಅಲಸಂದೆ ಎರಡು ಕಿಲೋ, ಹೆಸರುಕಾಳು ಒಂದು, ಕಡಲೆಕಾಳು ಒಂದು, ತೊಗರಿಬೇಳೆ ಒಂದೂವರೆ. ಚೀಟಿಯಲ್ಲಿ ಬರೆದುಕೋ, ಒಂದನೇ ತಾರೀಕು ಅಂಗಡಿಗೆ ಹೋಗುವಾಗ ಗಂಡನನ್ನೂ ಕರ್ಕೊಂಡು ಹೋಗು.